ಅರಸನ ಪಕ್ಷ, ಪೋಪರ ಪಕ್ಷ: ಕನ್ನಡ ಕರಾವಳಿಯ ಕಥೊಲಿಕರ ಒಡಕೂ ಒಕ್ಕಟ್ಟೂ

ಸಿದ್ಧಾಂತಭೇದದಿಂದ ಒಡೆದ ಮತಸಮಾಜಗಳ ಚರಿತ್ರೆ ಲೋಕದಲ್ಲಿ ಹೇರಳವಾಗಿದೆ. ಆದರೆ ಒಂದೇ ವಿಶ್ವಾಸಪ್ರಮಾಣವನ್ನು ಪಠಿಸುತ್ತ, ಒಂದೇ ಲ್ಯಾಟಿನ್ ಬಲಿಪೂಜೆಗೆ ಮೊಣಕಾಲೂರುತ್ತ, ರೋಮಿನ ಪೀಠವೊಂದನ್ನೇ ಪರಮಪೀಠವೆಂದು ಒಪ್ಪುತ್ತ, ಮನೆಯಲ್ಲಿ ಒಂದೇ ಕೊಂಕಣಿಯನ್ನಾಡುತ್ತ, ಇಷ್ಟೆಲ್ಲ ಇದ್ದೂ ಎರಡು ಪಕ್ಷಗಳಾಗಿ ನಿಂತು ಎರಡು ಶತಮಾನಗಳ ಉದ್ದಕ್ಕೆ ಬಿಟ್ಟು ಬಿಟ್ಟು ಕಾದಾಡಿದ ಜನರ ಚರಿತ್ರೆ ವಿರಳವಾದುದು. ಕಾರವಾರದಿಂದ ಮಂಗಳೂರಿನವರೆಗಿನ ಕನ್ನಡ ಕರಾವಳಿಯ ಕಥೊಲಿಕರದು ಅಂಥ ಚರಿತ್ರೆ. ಅವರ ವ್ಯಾಜ್ಯದ ವಿಷಯ ದೇವರಲ್ಲ, ಮೋಕ್ಷಮಾರ್ಗವೂ ಅಲ್ಲ. ತಮ್ಮ ಇಗರ್ಜಿಗೆ ಪಾದ್ರಿಯನ್ನು ಕಳುಹಿಸುವ ಅಧಿಕಾರ ಪೋರ್ಚುಗಲ್ಲಿನ ಅರಸನ ಕಡೆಯವರಿಗೆ ಸೇರಿದುದೋ ಅಥವಾ ರೋಮಾಪುರಿಯಿಂದ ನೇರವಾಗಿ ಬಂದವರಿಗೆ ಸೇರಿದುದೋ ಎಂಬುದು. ಮೊದಲನೆಯದಕ್ಕೆ ಪದ್ರುವಾದೊ ಎಂದೂ ಎರಡನೆಯದಕ್ಕೆ ಪ್ರೊಪಗಾಂಡ ಎಂದೂ ಹೆಸರು.

ಈ ಎರಡು ಅಧಿಕಾರಗಳು ಹುಟ್ಟಿದ ಬಗೆಯನ್ನು ತಿಳಿಯದೆ ಮುಂದಣ ಕಥೆಯು ಅರ್ಥವಾಗದು. ಸಾಗರಮಾರ್ಗಗಳನ್ನು ಕಂಡುಹಿಡಿದು ದೂರದೇಶಗಳಲ್ಲಿ ಕೋಟೆಗಳನ್ನು ಕಟ್ಟುತ್ತಿದ್ದ ಪೋರ್ಚುಗಲ್ಲಿನ ಅರಸರಿಗೆ ಹದಿನೈದನೆಯ ಶತಮಾನದಿಂದ ಪೋಪರು ಒಂದರ ಮೇಲೊಂದಾಗಿ ಶಾಸನಪತ್ರಗಳನ್ನು ಕೊಟ್ಟು, ಆ ದೇಶಗಳಲ್ಲಿ ಇಗರ್ಜಿಗಳನ್ನು ಕಟ್ಟಿಸಿ ಪಾದ್ರಿಗಳನ್ನು ಪೋಷಿಸುವ ಭಾರವನ್ನು ಅವರ ಹೆಗಲಿಗೇರಿಸಿ, ಅದಕ್ಕೆ ಪ್ರತಿಯಾಗಿ ಅಲ್ಲಿಯ ಬಿಷಪರನ್ನು ಹೆಸರಿಸುವ ಹಕ್ಕನ್ನು ಅವರಿಗೆ ದತ್ತಮಾಡಿದರು. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. 1534ರಲ್ಲಿ ಅದು ಬಿಷಪರ ಪೀಠವಾಯಿತು. ಅನಂತರ ಆರ್ಚ್‌ಬಿಷಪರ ಪೀಠವಾಗಿ ಪೂರ್ವದೇಶಗಳ ಕಥೊಲಿಕರಿಗೆಲ್ಲ ತಾಯಿಮನೆಯಂತಾಯಿತು. ಆದರೆ ಸಣ್ಣ ರಾಜ್ಯವೊಂದು ಅರ್ಧ ಭೂಮಂಡಲದ ಇಗರ್ಜಿಗಳನ್ನು ಹೊತ್ತು ನಡೆಯುವುದು ಸಾಧ್ಯವಿರಲಿಲ್ಲ. ಇದನ್ನು ಕಂಡ ಹದಿನೈದನೆಯ ಗ್ರೆಗರಿ ಪೋಪರು 1622ರಲ್ಲಿ ಧರ್ಮಪ್ರಸಾರಕ್ಕೆಂದು ರೋಮಿನಲ್ಲಿಯೇ ಒಂದು ಮಂಡಲಿಯನ್ನು ಸ್ಥಾಪಿಸಿದರು. ಅರಸನ ಹಕ್ಕನ್ನು ನೇರವಾಗಿ ಮುಟ್ಟದೆ, ಪೋಪರ ಪ್ರತಿನಿಧಿಗಳೆಂಬ ನೆಲೆಯಲ್ಲಿ ವಿಕಾರ್ ಅಪೊಸ್ತೊಲಿಕರನ್ನು ಕಳುಹಿಸುವುದು ಈ ಪ್ರೊಪಗಾಂಡ ಮಂಡಲಿಯ ಉಪಾಯವಾಗಿತ್ತು. 1640ರಲ್ಲಿ ಪೋರ್ಚುಗಲ್ಲು ಸ್ಪೇನಿನಿಂದ ಬೇರೆಯಾದಾಗ ಅದರ ಹೊಸ ಅರಸನನ್ನು ರೋಮು ಬಹುಕಾಲ ಮಾನ್ಯಮಾಡದೆ, ಅವನು ಹೆಸರಿಸಿದ ಬಿಷಪರಿಗೆ ಒಪ್ಪಿಗೆಯನ್ನೂ ಕೊಡದೆ ಇದ್ದುದರಿಂದ ಗೋವೆಯ ಪೀಠವು ವರ್ಷಾನುವರ್ಷ ತೆರವಾಗಿಯೇ ಉಳಿಯಿತು. ಆ ತೆರವಿನಲ್ಲಿ ವೈಮನಸ್ಯವು ಬೇರುಬಿಟ್ಟಿತು.

ವ್ಯಾಜ್ಯದಲ್ಲಿ ಯೂರೋಪಿಯನರು ಮಾತ್ರವೇ ಇದ್ದರೆಂದು ಭಾವಿಸಲಾಗದು. ಗೋವೆಯ ದೀವಾಡಿ ದ್ವೀಪದ ಬ್ರಾಹ್ಮಣಕುಲದ ಕ್ರೈಸ್ತನಾದ ಮಾತೇವುಸ್ ದೆ ಕಾಸ್ತ್ರೊ ಎಂಬಾತನಿಗೆ ಗೋವೆಯಲ್ಲಿ ಗುರುದೀಕ್ಷೆ ದೊರೆಯದೆ ಹೋಗಲು, ಆತನು ರೋಮಿಗೆ ಹೋಗಿ ಅಲ್ಲಿ ದೀಕ್ಷೆ ಪಡೆದು, 1637ರಲ್ಲಿ ಬಿಷಪನೂ ಆಗಿ, ಬಿಜಾಪುರದ ಆದಿಲಶಾಹಿಯ ಸೀಮೆಗೆ ವಿಕಾರ್ ಅಪೊಸ್ತೊಲಿಕನಾಗಿ ಹಿಂದಿರುಗಿದನು. ತಮ್ಮ ಪ್ರಜೆಯೊಬ್ಬನು ತಮ್ಮ ಅಪ್ಪಣೆಯಿಲ್ಲದೆ ಬಿಷಪನಾಗಿ ಬಂದುದನ್ನು ಪೋರ್ಚುಗೀಸರು ಸಹಿಸಲಿಲ್ಲ. ಬಿಳಿಯ ಪಾದ್ರಿಗಳಿಂದ ಅವಮಾನಿತರಾದ ದೇಶೀಯ ಪಾದ್ರಿಗಳ ಸ್ವಾಭಿಮಾನವು ಹೀಗೆ ಪ್ರೊಪಗಾಂಡದಲ್ಲಿ ಆಶ್ರಯ ಹುಡುಕಿತೆಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳಬೇಕು; ಏಕೆಂದರೆ ಮುಂದೆ ಎರಡೂವರೆ ಶತಮಾನಗಳ ತರುವಾಯ ಅದೇ ಸ್ವಾಭಿಮಾನವು ಪದ್ರುವಾದೊ ಪಕ್ಷದಲ್ಲಿ ನಿಂತು ಮಾತಾಡುವುದನ್ನು ನಾವು ಕಾಣಲಿದ್ದೇವೆ.

ಕನ್ನಡ ಸೀಮೆಗೆ ಈ ಕಲಹ ಬಂದುದು ಮಾತೇವುಸನ ಬಂಧುವಾದ ತೊಮಾಸ್ ದೆ ಕಾಸ್ತ್ರೊ ಬಿಷಪನೊಂದಿಗೆ. ಆ ಹೊತ್ತಿಗೆ ಇಲ್ಲಿ ಕ್ರೈಸ್ತರು ನೆಲೆಯೂರಿ ಒಂದು ಶತಮಾನವೇ ಕಳೆದಿದ್ದಿತು. 1568ರಿಂದ ಪೋರ್ಚುಗೀಸರು ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ಕೋಟೆ ಕಟ್ಟತೊಡಗಿದ್ದರು. ಕ್ಷಾಮ, ಯುದ್ಧ, 1560ರಿಂದ ನಡೆದ ಇನ್ಕ್ವಿಜಿಷನ್ ವಿಚಾರಣೆಯ ಭಯ, ಇವುಗಳಿಂದ ಗೋವೆಯನ್ನು ಬಿಟ್ಟು ತಂಡತಂಡವಾಗಿ ದಕ್ಷಿಣಕ್ಕೆ ಬಂದವರಿಗೆ ಕೆಳದಿಯ ನಾಯಕರು ಭೂಮಿ ಕೊಟ್ಟು ಬೇಸಾಯಕ್ಕೆ ಹಚ್ಚಿದರು. ಶಿವಪ್ಪ ನಾಯಕನು ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡನಾದರೂ ಈ ರೈತರನ್ನು ಓಡಿಸಲಿಲ್ಲ. ಗೋವೆಯ ಹೊಟ್ಟೆ ತುಂಬಬೇಕಾದರೆ ಕೆಳದಿಯ ಅಕ್ಕಿ ಬೇಕು. ಕೆಳದಿಯ ಅಕ್ಕಿ ಕಡಲು ದಾಟಬೇಕಾದರೆ ಪೋರ್ಚುಗೀಸರ ಸ್ನೇಹ ಬೇಕು. ಈ ಪರಸ್ಪರಾವಲಂಬನದಿಂದ ಹುಟ್ಟಿದ 1678ರ ಒಪ್ಪಂದದಲ್ಲಿ ಅಕ್ಕಿಯ ಮಾತಿನ ಜತೆಗೆ ಮಿರ್ಜಾನ, ಭಟ್ಕಳ, ಕಲ್ಯಾಣಪುರ ಮುಂತಾದೆಡೆ ಇಗರ್ಜಿಗಳನ್ನು ಕಟ್ಟಲು ಅನುಮತಿಯೂ ಸೇರಿತು. ಶೈವ ಅರಸೊತ್ತಿಗೆಯೊಂದು ಸಹಿಮಾಡಿದ ವ್ಯಾಪಾರಪತ್ರದಿಂದ ಕ್ರೈಸ್ತ ದೇವಾಲಯಗಳು ಮೇಲೆದ್ದುದು ನಮ್ಮ ನಾಡಿನ ಚರಿತ್ರೆಯಲ್ಲಿ ಹೆಮ್ಮೆಪಡತಕ್ಕ ಸಂಗತಿಯೆಂದು ನಾನು ಎಣಿಸುತ್ತೇನೆ.

ರೋಮಿನ ನೇಮಕಪತ್ರದೊಂದಿಗೆ ಬಂದ ತೊಮಾಸನು 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದನು. ಗೋವೆಯ ಪಾದ್ರಿಗಳು ಆತನನ್ನು ಒಪ್ಪಲಿಲ್ಲ. ಇಲ್ಲಿ ಸಾಮಾನ್ಯ ವಿಶ್ವಾಸಿಯ ಎದೆಗೆ ತಟ್ಟಿದ ಸಂಕಟವೇನೆಂಬುದನ್ನು ಬಿಡಿಸಿ ಹೇಳುವುದು ಅಗತ್ಯ. ಕಥೊಲಿಕ ಧರ್ಮಶಾಸ್ತ್ರದಂತೆ ಜ್ಞಾನಸ್ನಾನವನ್ನು ಯಾರು ಕೊಟ್ಟರೂ ಅದು ಸಿಂಧುವೇ. ಆದರೆ ಪಾಪನಿವೇದನೆಯನ್ನು ಆಲಿಸಿ ಕ್ಷಮೆ ನೀಡಬೇಕಾದರೆ ಪಾದ್ರಿಗೆ ದೀಕ್ಷೆಯಷ್ಟೇ ಸಾಲದು, ಆ ಸ್ಥಳದ ಮೇಲೆ ಅಧಿಕಾರವೂ ಇರಬೇಕು. ವಿವಾಹಕ್ಕೂ ಹಾಗೆಯೇ ಅಧಿಕೃತ ವಿಗಾರನ, ಎಂದರೆ ಇಗರ್ಜಿಯ ಮುಖ್ಯ ಪಾದ್ರಿಯ, ಸಾಕ್ಷ್ಯವನ್ನು ತ್ರೆಂತ್ ಮಹಾಸಭೆಯು ವಿಧಿಸಿದ್ದಿತು. ಇಬ್ಬರು ಪಾದ್ರಿಗಳು ಒಬ್ಬರನ್ನೊಬ್ಬರು ಅನಧಿಕೃತರೆಂದು ಸಾರಿದಾಗ, ತನ್ನ ಪಾಪ ಕಳೆಯಿತೋ ಇಲ್ಲವೋ, ತನ್ನ ಮದುವೆ ಮದುವೆಯಾಯಿತೋ ಇಲ್ಲವೋ, ತನ್ನ ಮಕ್ಕಳು ಧರ್ಮಸಂತಾನವೋ ಅಲ್ಲವೋ ಎಂಬ ಕಳವಳವು ಗದ್ದೆಯಲ್ಲಿ ಉಳುವ ರೈತನ ಮನೆಯೊಳಕ್ಕೆ ನುಗ್ಗಿತು. ಲಿಸ್ಬನ್ನಿನ ದರ್ಬಾರಿನಲ್ಲಿ ಹುಟ್ಟಿದ ರಾಜಕಾರಣವು ಬಸರೂರಿನ ಮುದುಕಿಯೊಬ್ಬಳ ಮರಣಶಯ್ಯೆಯ ಪಕ್ಕಕ್ಕೆ ಬಂದು ನಿಂತಿತು.

1681ರಲ್ಲಿ ಗೋವೆಯ ಪೀಠದಿಂದ ಕನ್ನಡ ಸೀಮೆಯ ಮುಖ್ಯ ವಿಗಾರನಾಗಿ ಬಂದವನು ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್, ಮೂವತ್ತು ವರ್ಷದ ತರುಣ. ಆತನು ಪದ್ರುವಾದೊ ಪಕ್ಷದ ಅಧಿಕೃತ ಪ್ರತಿನಿಧಿ. ಎದುರುಪಕ್ಷದ ಬಿಷಪನನ್ನು ಧಿಕ್ಕರಿಸಲೆಂದೇ ಕಳುಹಿಸಲ್ಪಟ್ಟವನೆಂದರೂ ಸಲ್ಲುವುದು. ಆದರೆ ಮಂಗಳೂರಿಗೆ ಬಂದು ಆತನು ಮೊದಲು ಮಾಡಿದ ಕಾರ್ಯವು ತೊಮಾಸ್ ಬಿಷಪನ ಬಳಿಗೆ ಹೋಗಿ, ಆತನ ಕೈಯುಂಗುರವನ್ನು ಚುಂಬಿಸಿ, ರೋಮಿನ ಪತ್ರಗಳನ್ನು ತನಗೆ ತೋರಬೇಕೆಂದು ಬೇಡಿದುದು. ಪತ್ರಗಳನ್ನು ಓದಿ ಅವು ಸತ್ಯವೆಂದು ಕಂಡುಕೊಂಡ ಮೇಲೆ, ತನ್ನನ್ನು ಕಳುಹಿಸಿದವರಿಗೆ ದ್ರೋಹ ಬಗೆಯದೆ, ಎದುರಿನವನ ಹಕ್ಕನ್ನೂ ಅಲ್ಲಗಳೆಯದೆ, ಪೋಪರಿಂದ ಖಚಿತವಾದ ಉತ್ತರ ಬರುವವರೆಗೆ ಬಿಷಪನು ತನ್ನ ಅಧಿಕಾರವನ್ನು ಗೋವೆಯ ಪಾದ್ರಿಗಳಿಗೆ ವಹಿಸಿಕೊಡಲಿ, ಆಗ ಯಾರ ಕೈಯಿಂದ ಸಂಸ್ಕಾರ ಪಡೆದರೂ ಜನರಿಗೆ ಸಂದೇಹವಿರದು ಎಂಬ ಸಂಧಾನವನ್ನು ಮುಂದಿಟ್ಟನು. ಎಂಥ ಸೂಕ್ಷ್ಮಬುದ್ಧಿ, ಎಂಥ ಕರುಣೆ! ಅಧಿಕಾರ ಯಾರದೆಂಬ ಪ್ರಶ್ನೆಯನ್ನು ಅಧಿಕಾರಿಗಳಿಗೇ ಬಿಟ್ಟು, ಆ ಪ್ರಶ್ನೆಯಿಂದ ನೋಯುತ್ತಿದ್ದವರ ನೋವನ್ನು ಮೊದಲು ಕಳೆಯುವ ದಾರಿಯದು. ಮೇಲಿನವರು ಅದಕ್ಕೆ ಸಂಪೂರ್ಣವಾಗಿ ಒಗ್ಗಲಿಲ್ಲ, ವ್ಯಾಜ್ಯ ನಿಲ್ಲಲಿಲ್ಲ, ತೊಮಾಸನು 1684ರಲ್ಲಿ ತೀರಿಕೊಂಡನು. ವಾಜನು ಅದೇ ವರ್ಷ ಗೋವೆಗೆ ಮರಳಿ, ಮುಂದೆ ಸಿಂಹಳಕ್ಕೆ ಹೋಗಿ ಅಲ್ಲಿ ದೇಹವಿಟ್ಟನು. 2015ರಲ್ಲಿ ಫ್ರಾನ್ಸಿಸ್ ಪೋಪರು ಕೊಲಂಬೊದಲ್ಲಿ ಆತನನ್ನು ಸಂತನೆಂದು ಘೋಷಿಸಿದರು. ಸಿಂಹಳದಲ್ಲಿ ಆತನು ಮಾಡಿದ ಸಾಹಸಗಳನ್ನು ಜಗತ್ತು ಕೊಂಡಾಡುತ್ತದೆ. ಕನ್ನಡ ನೆಲದ ಮೇಲೆ ಆತನು ಕಳೆದ ಮೂರು ವರ್ಷಗಳು, ಕಲಹದ ನಡುವೆ ಕಾಲಿರಿಸಿಯೂ ಕಲಹಕ್ಕೆ ಕೈಹಾಕದ ಆ ಸಂಯಮ, ನನ್ನ ಮಟ್ಟಿಗೆ ಅದಕ್ಕಿಂತ ಕಡಮೆಯದಲ್ಲ.

ಅನಂತರದ ನೂರು ವರ್ಷಗಳಲ್ಲಿ ಗೋವೆಯ ಪಾದ್ರಿಗಳ ಕೈಯೇ ಮೇಲಾಗಿದ್ದಿತು. ಹೈದರನು ಬಂದನು, ಅವನ ಮಗನು ಬಂದನು. 1784ರ ವಿಭೂತಿ ಬುಧವಾರದಂದು ಟಿಪ್ಪುವಿನ ಆಜ್ಞೆಯಿಂದ ಸೆರೆಸಿಕ್ಕ ಕರಾವಳಿಯ ಕ್ರೈಸ್ತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ಸೆರೆಯಾದವರ ಸಂಖ್ಯೆಯನ್ನು ಟಿಪ್ಪುವಿನ ಕಡೆಯ ಬರೆಹ 60,000 ಎನ್ನುತ್ತದೆ. ಇತರರ ಅಂದಾಜು ಅದರ ಅರ್ಧಕ್ಕೆ ಇಳಿಯುತ್ತದೆ. ಇಗರ್ಜಿಗಳು ನೆಲಸಮವಾದುವು, ಪಾದ್ರಿಗಳು ಗಡೀಪಾರಾದರು. 1799ರಲ್ಲಿ ಟಿಪ್ಪು ಬೀಳುವವರೆಗಿನ ಆ ಹದಿನೈದು ವರ್ಷಗಳಲ್ಲಿ ಪದ್ರುವಾದೊ ಎಲ್ಲಿ, ಪ್ರೊಪಗಾಂಡ ಎಲ್ಲಿ? ಲಿಸ್ಬನ್ನಿನ ಅರಸನ ಹಕ್ಕಾಗಲಿ ರೋಮಿನ ಮಂಡಲಿಯ ಪತ್ರವಾಗಲಿ ಪಟ್ಟಣದ ಕೋಟೆಯನ್ನು ದಾಟಿ ಬರಲಿಲ್ಲ. ತಾಯಂದಿರು ಕಲಿಸಿದ ಜಪ, ಗುರುವಿಲ್ಲದ ವೇಳೆಯಲ್ಲಿ ಯಾವ ಗೃಹಸ್ಥನಾದರೂ ಕೊಡಬಹುದಾದ ಜ್ಞಾನಸ್ನಾನ, ಇವೆರಡೇ ಅವರಿಗೆ ಉಳಿದ ಧರ್ಮ. ಸೆರೆಯಲ್ಲಿ ಅಸಂಖ್ಯರು ಸತ್ತರು, ಹಲವರು ಬಲವಂತದಿಂದ ಮತಾಂತರಗೊಂಡರು. ಹಿಂದಿರುಗಿದವರು ಮತ್ತೆ ಗದ್ದೆ ಕಟ್ಟಿದರು, ಮತ್ತೆ ಇಗರ್ಜಿ ಎಬ್ಬಿಸಿದರು. ಊರಿನ ಮುಖಂಡರಾದ ಗುರ್ಕಾರರಿಗೆ ಆ ಕಾಲದಲ್ಲಿ ಬಂದ ಮಹತ್ತ್ವಕ್ಕೂ, ಮುಂದೆ ಇಲ್ಲಿನ ಜನ ಬಿಷಪರೊಡನೆ ತಲೆಯೆತ್ತಿ ವಾದಿಸಿದುದಕ್ಕೂ ಈ ಅನುಭವವೇ ಮೂಲವೆಂದು ನಾನು ತಿಳಿಯುತ್ತೇನೆ.

ಹಳೆಯ ಕಲಹ ಮತ್ತೆ ಹೊತ್ತಿಕೊಂಡುದು ಪೋರ್ಚುಗಲ್ಲಿನಲ್ಲಿ ನಡೆದ ಅಂತರ್ಯುದ್ಧದ ಕಿಡಿಯಿಂದ. ಅಲ್ಲಿ ಗೆದ್ದ ಉದಾರಪಕ್ಷದವರು 1833ರಲ್ಲಿ ರೋಮಿನೊಡನೆ ಸಂಬಂಧವನ್ನು ಕಡಿದುಕೊಂಡು, ಮರುವರ್ಷ ಸಂನ್ಯಾಸಿಮಠಗಳನ್ನೆಲ್ಲ ಮುಚ್ಚಿಸಿದರು. ಹದಿನಾರನೆಯ ಗ್ರೆಗರಿ ಪೋಪರು 1838ರಲ್ಲಿ, ಭಾರತದ ಬ್ರಿಟಿಷ್ ಸೀಮೆಗಳಲ್ಲಿ ಪದ್ರುವಾದೊ ಅಧಿಕಾರವನ್ನು ಬಹುಮಟ್ಟಿಗೆ ರದ್ದುಗೊಳಿಸುವ ಆಜ್ಞೆಯನ್ನು ಹೊರಡಿಸಿದರು. ಅವುಗಳಲ್ಲೊಂದಾದ ಕನ್ನಡ ಜಿಲ್ಲೆಯು ಕೇರಳದ ವೇರಾಪೊಲಿಯ ಕಾರ್ಮೆಲೀಯ ಬಿಷಪರಿಗೆ ಸೇರಿತು. ಗೋವೆಯವರು ಆ ಆಜ್ಞೆಯನ್ನು ಒಪ್ಪದೆ, ಅರಸನ ಸಮ್ಮತಿಯಿಲ್ಲದೆ ಅರಸನ ಹಕ್ಕು ಹೋಗದೆಂದು ವಾದಿಸಿದರು. 1844ರಲ್ಲಿ ಗೋವೆಗೆ ಬಂದ ಆರ್ಚ್‌ಬಿಷಪ್ ಸಿಲ್ವ ತೊರ್ರೆಸರು ನೂರಾರು ಮಂದಿಗೆ ತರಾತುರಿಯಿಂದ ದೀಕ್ಷೆಯಿತ್ತು ಪಾದ್ರಿಗಳನ್ನು ದಂಡಿನೋಪಾದಿಯಲ್ಲಿ ಕಳುಹಿಸಿದರು.

ಮಂಗಳೂರಿನ ವಿದ್ಯಾವಂತ ಕಥೊಲಿಕರು ಈ ಸಂದರ್ಭದಲ್ಲಿ ತಾಳಿದ ನಿಲವು ಗಮನಾರ್ಹವಾದುದು. ಜೋಕಿಂ ಪಿಯುಸ್ ನೊರೊನ್ಹಾ ಎಂಬ ಪಾದ್ರಿಯೂ ನ್ಯಾಯಾಧೀಶರಾಗಿದ್ದ ಜಾನ್ ಜೋಸೆಫ್ ಸಲ್ಡಾನ್ಹಾ ಎಂಬವರೂ ಮುಂದಾಗಿ, ಗೋವೆಯೂ ಬೇಡ, ದೂರದ ವೇರಾಪೊಲಿಯೂ ಬೇಡ, ಮಂಗಳೂರಿಗೆ ಅದರದೇ ಪೀಠ ಬೇಕೆಂದು ರೋಮಿಗೆ ಬಿನ್ನವತ್ತಳೆ ಬರೆದರು. 1845ರಲ್ಲಿ ಮಂಗಳೂರು ಪ್ರತ್ಯೇಕ ವಿಕಾರಿಯತ್, ಎಂದರೆ ವಿಕಾರ್ ಅಪೊಸ್ತೊಲಿಕರ ಪ್ರಾಂತ, ಆಯಿತು. ಅಷ್ಟಕ್ಕೇ ಅವರು ಸುಮ್ಮನಾಗಲಿಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಇದೇ ಊರಿನಲ್ಲಿ ಶಾಲೆ, ಮುದ್ರಣಾಲಯಗಳನ್ನು ನಡೆಸುತ್ತಿರಲು, ತಮ್ಮ ಮಕ್ಕಳು ಉಚ್ಚಶಿಕ್ಷಣಕ್ಕಾಗಿ ಮದರಾಸಿಗೂ ಮುಂಬಯಿಗೂ ಹೋಗಬೇಕಾದುದನ್ನು ಕಂಡು ನೊಂದ ಗೃಹಸ್ಥರು, ಜೆಸುಯಿಟರನ್ನು ಕಳುಹಿಸಿರೆಂದು ಮತ್ತೆ ಮತ್ತೆ ಬೇಡಿಕೊಂಡರು. 1878ರ ಡಿಸೆಂಬರ್ 31ರಂದು ಇಟಲಿಯ ಜೆಸುಯಿಟರು ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಮಂಗಳೂರಿನ ಪೇಟೆಯವರು ಪ್ರೊಪಗಾಂಡವನ್ನು ಅಪ್ಪಿದುದರಲ್ಲಿ ಪೋಪರ ಮೇಲಿನ ಭಕ್ತಿಯೊಡನೆ ವಿದ್ಯೆಯ ಹಸಿವೂ ಕೂಡಿದ್ದಿತು. ಹಳ್ಳಿಗಳ ಸ್ಥಿತಿ ಬೇರೆ. ಅಲ್ಲಿಯವರಿಗೆ ಗೋವೆಯ ಪಾದ್ರಿಯೆಂದರೆ ತಮ್ಮ ಭಾಷೆಯವನು, ತಮ್ಮ ಪೂರ್ವಿಕರ ಊರಿನವನು. ಹೊಸಬನು ಗಡ್ಡದ ಪರದೇಶಿ.

ಹೀಗೆ ಒಂದೇ ಊರು ಎರಡಾಯಿತು. ಸುವರ್ಣಾನದಿಯ ತೆಂಕಣ ದಡದ ಕಲ್ಯಾಣಪುರದಲ್ಲಿ, 1678ರ ಒಪ್ಪಂದದ ಕಾಲದಿಂದಿದ್ದ ಮಿಲಾಗ್ರಿಸ್ ಇಗರ್ಜಿಯು ಗೋವೆಯ ಪಕ್ಷದಲ್ಲಿ ಉಳಿಯಲು, ಪ್ರೊಪಗಾಂಡದವರು ಸಂತೆಕಟ್ಟೆಯಲ್ಲಿ ಮೌಂಟ್ ರೋಸರಿ ಇಗರ್ಜಿಯನ್ನು ಕಟ್ಟಿಕೊಂಡರು. ಒಂದರ ಗಂಟೆ ಇನ್ನೊಂದಕ್ಕೆ ಕೇಳುವಷ್ಟು ಸಮೀಪದಲ್ಲಿ, ಒಂದೇ ಮಾತೆಯ ಹೆಸರಿನಲ್ಲಿ, ಇಬ್ಬರು ವಿಗಾರರು.

ಆದರೂ ಸಮಾಜವು ಬುಡದವರೆಗೆ ಸೀಳಲಿಲ್ಲ. ಅದಕ್ಕೆ ಕಾರಣವನ್ನು ಬಿಷಪರ ಪತ್ರವ್ಯವಹಾರದಲ್ಲಿ ಹುಡುಕಿದರೆ ಸಿಕ್ಕದು. ಮನೆಯ ಆಚಾರದಲ್ಲಿ ಹುಡುಕಬೇಕು. ಸೆಪ್ಟೆಂಬರ್ 8ರಂದು, ಕನ್ಯಾಮರಿಯಮ್ಮನವರ ಜನ್ಮದಿನದಂದು, ಕರಾವಳಿಯ ಕಥೊಲಿಕರು ಆಚರಿಸುವ ಮೊಂತಿ ಫೆಸ್ತನ್ನು ನೋಡಿರಿ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಜೋಕಿಂ ಮಿರಾಂದ ಎಂಬ ಗೋವೆಯ ಪಾದ್ರಿಯು 1763ರಲ್ಲಿ ಇದನ್ನು ತೊಡಗಿದನೆಂದು ಪ್ರತೀತಿ. ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಗುಡ್ಡದ ಹೂವು, ತೋಟದ ಹೂವು ಕೊಯ್ದು ತಂದು ಬಾಲಮರಿಯಮ್ಮನ ಪ್ರತಿಮೆಗೆ ಎರಚುವರು. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಯು ಮಂತ್ರಿಸಿ ಮನೆಗೊಂದರಂತೆ ಹಂಚುವನು. ಮನೆಗೆ ತಂದ ತೆನೆಯನ್ನು ದೇವರ ಪೀಠದ ಮುಂದಿರಿಸಿ ಜಪ ಮಾಡಿ, ಕಾಳನ್ನು ಸುಲಿದು ನುಣ್ಣಗೆ ಅರೆದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಯಜಮಾನನು ಹಿರಿಯರಿಂದ ಮೊದಲ್ಗೊಂಡು ಕೂಸಿನವರೆಗೆ ಎಲ್ಲರಿಗೂ ಕೊಡುವನು. ಅಂದು ಮೀನಿಲ್ಲ, ಮಾಂಸವಿಲ್ಲ. ಬಾಳೆಯೆಲೆಯ ಮೇಲೆ ತರಕಾರಿಯ ಊಟ. ಬೇರೆಬೇರೆ ಮನೆಮಾಡಿದ ಅಣ್ಣತಮ್ಮಂದಿರು ಅಂದು ಮೂಲಮನೆಗೆ ಬರಲೇಬೇಕು. ಅಣ್ಣನು ಮಿಲಾಗ್ರಿಸಿಗೂ ತಮ್ಮನು ಸಂತೆಕಟ್ಟೆಗೂ ನಡೆದುಕೊಳ್ಳುತ್ತಿದ್ದರೂ ಇಬ್ಬರ ತೆನೆಯೂ ಒಂದೇ ಬೈಲಿನದು, ಇಬ್ಬರೂ ಸಂಜೆಗೆ ಮೊಣಕಾಲೂರಿ ಹೇಳುವ ತೆರ್ಸ್ ಎಂಬ ಜಪಮಾಲೆ ಒಂದೇ ಕೊಂಕಣಿಯದು. ಇಂಥ ಹಬ್ಬವುಳ್ಳ ಜನ ವಿಗಾರನಿಗಾಗಿ ಜಗಳವಾಡಬಲ್ಲರು, ಬೇರೆ ಜಾತಿಯಾಗಲಾರರು. ಧರ್ಮದ ಏಕತೆಯನ್ನು ಕಾದವರು ಇವರೇ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಅಧಿಕಾರಿಗಳು ಅದನ್ನು ಮುಂದೆ ಕಾಗದದ ಮೇಲೆ ಬರೆದರು.

ಆ ಕಾಗದವೇ 1886ರ ಜೂನ್ 23ರ ಒಪ್ಪಂದ. ಹದಿಮೂರನೆಯ ಲಿಯೊ ಪೋಪರೂ ಪೋರ್ಚುಗಲ್ಲಿನ ಅರಸನೂ ಒಪ್ಪಿ ಮೇರೆಗಳನ್ನು ಹಾಕಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕ್ರಮಬದ್ಧವಾದ ಬಿಷಪ್ ಪೀಠಗಳು ಸ್ಥಾಪಿತವಾದುವು. ಮಂಗಳೂರು ಧರ್ಮಪ್ರಾಂತವಾಯಿತು, ದಕ್ಷಿಣ ಕನ್ನಡದಲ್ಲಿ ಗೋವೆಯ ಪಕ್ಷದಲ್ಲಿದ್ದ ಇಗರ್ಜಿಗಳು ಅದಕ್ಕೆ ಸೇರತಕ್ಕವೆಂದು ನಿರ್ಣಯವಾಯಿತು. ಅರ್ಧ ಶತಮಾನ ಅರಸನಿಗಾಗಿ ನಿಂದೆ ಸಹಿಸಿದವರನ್ನು ಅರಸನೇ ಒಂದು ಸಹಿಯಿಂದ ಬಿಟ್ಟುಕೊಟ್ಟನು. ಅವರ ಎದೆಯಲ್ಲಿ ಎದ್ದ ಕಿಚ್ಚನ್ನು ನಾವು ಲಘುವಾಗಿ ಕಾಣಲಾಗದು. ಬಹುಮಂದಿ ತಲೆಬಾಗಿದರು. ಸುವರ್ಣೆಯ ಬಡಗಣ ದಡದಾಚೆಯ ಬ್ರಹ್ಮಾವರದಲ್ಲಿ ಒಂದು ಗುಂಪು ಬಾಗಲಿಲ್ಲ.

ಅವರಿಗೆ ನಾಯಕನಾದವನು ಗೋವೆಯ ವೆರ್ಣಾ ಗ್ರಾಮದಲ್ಲಿ 1836ರಲ್ಲಿ ಹುಟ್ಟಿದ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಅಲ್ವಾರಿಸ್ ಪಾದ್ರಿ. ಪತ್ರಿಕೆಗಳನ್ನು ನಡೆಸಿ ಸರಕಾರವನ್ನೂ ಇಗರ್ಜಿಯ ಅಧಿಕಾರಿಗಳನ್ನೂ ಖಂಡಿಸಿ ಬರೆದು ಬಹಿಷ್ಕೃತನಾದವನು. ಅಂದು ಮಾತೇವುಸನಲ್ಲಿ ಕಂಡ ದೇಶೀಯ ಸ್ವಾಭಿಮಾನವೇ ಇವನಲ್ಲಿಯೂ ಉರಿಯುತ್ತಿದ್ದಿತು. ಇವನು ಕೇರಳದ ಮಲಂಕರ ಸಿರಿಯನ್ ಆರ್ಥೊಡಾಕ್ಸರನ್ನು ಆಶ್ರಯಿಸಿ 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯೋಸ್ ಎಂಬ ಹೆಸರಿನಿಂದ ಬಿಷಪನಾದನು. ಬ್ರಹ್ಮಾವರದಲ್ಲಿ ಅವನ ಬಲಗೈಯಾಗಿ 1936ರಲ್ಲಿ ಸಾಯುವವರೆಗೆ ಆ ಮಂದೆಯನ್ನು ಕಾದವನು ರೋಕ್ ಜೆಫ್ರಿನ್ ನೊರೊನ್ಹಾ ಪಾದ್ರಿ. ಅಲ್ವಾರಿಸನು ತನ್ನ ಕೊನೆಗಾಲವನ್ನು ಗೋವೆಯಲ್ಲಿ ಕುಷ್ಠರೋಗಿಗಳ, ಅನಾಥರ ಶುಶ್ರೂಷೆಯಲ್ಲಿ ಕಳೆದು 1923ರಲ್ಲಿ ಬಡವನಾಗಿಯೇ ತೀರಿಕೊಂಡನು. ಇವರ ದಾರಿಯನ್ನು ನಾನು ಸರಿಯೆನ್ನಲಾರೆ. ಇವರ ಚಾರಿತ್ರ್ಯಕ್ಕೆ ತಲೆಬಾಗದಿರಲಾರೆ. ರೋಮಿನಿಂದ ಬೇರೆಯಾದರೂ ಇವರು ಸಿದ್ಧಾಂತವನ್ನು ಹುಡುಕಿಕೊಂಡು ಹೋದವರಲ್ಲ. ಮೊದಮೊದಲು ತಮ್ಮ ಹಳೆಯ ಲ್ಯಾಟಿನ್ ಸಂಪ್ರದಾಯವನ್ನೇ ಬಲಿಪೀಠದಲ್ಲಿ ಉಳಿಸಿಕೊಂಡಿದ್ದರು. ಪಾದ್ರಿಯನ್ನು ನೇಮಿಸುವ ಹಕ್ಕಿನ ವಾದವು ಬೆಳೆದು, ಆಂತಿಯೋಕದ ಸಿರಿಯನ್ ಪರಂಪರೆಗೆ ಕೊಂಕಣಿಯ ಒಂದು ಕುಟುಂಬವನ್ನು ಒಯ್ದು ಸೇರಿಸಿತು. ಆ ಸಮುದಾಯ ಇಂದಿಗೂ ಬ್ರಹ್ಮಾವರದಲ್ಲಿ ಬಾಳುತ್ತಿದೆ. ಸೇಂಟ್ ಮೇರೀಸ್ ಸಿರಿಯನ್ ಕಾಲೇಜು ಅದರದೇ ವಿದ್ಯಾಸಂಸ್ಥೆ.

ಉತ್ತರ ಕನ್ನಡದ ಕಥೆ ಇನ್ನೂ ವಿಚಿತ್ರವಾದುದು. 1862ರಲ್ಲಿ ಬ್ರಿಟಿಷರು ಕನ್ನಡ ಜಿಲ್ಲೆಯನ್ನು ಒಡೆದು ಅದರ ಉತ್ತರಾರ್ಧವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರು. ಧರ್ಮಾಧಿಕಾರದಲ್ಲಿ ಅದು 1886ರ ಅನಂತರವೂ ಗೋವೆಗೇ ಸೇರಿತ್ತು. ದಕ್ಷಿಣದ ಕಥೊಲಿಕನಿಗೆ ಇಟಲಿಯ ಜೆಸುಯಿಟ್ ಬಿಷಪ್, ಕಾರವಾರದ ಸುಂಕೇರಿಯವನಿಗೆ ಪೋರ್ಚುಗೀಸ್ ಆರ್ಚ್‌ಬಿಷಪ್. 1947 ಬಂದಿತು, ಭಾರತವು ಸ್ವತಂತ್ರವಾಯಿತು. ಆದರೆ ಕಾರವಾರ, ಅಂಕೋಲೆ, ಕುಮಟೆಗಳ ಕಥೊಲಿಕರು ಸ್ವತಂತ್ರ ಭಾರತದ ಪ್ರಜೆಗಳಾಗಿದ್ದೂ ಪರರಾಜ್ಯದ ನೆಲದಲ್ಲಿ ಕುಳಿತ ಧರ್ಮಾಧಿಪತಿಯ ಅಧೀನರಾಗಿ ಉಳಿದರು. ಇದರಿಂದ ಅವರ ದೇಶಪ್ರೇಮಕ್ಕೆ ಕುಂದು ಬಂದಿತೆನ್ನುವವರಿಗೆ ಉತ್ತರವಾಗಿ ಒಂದು ಸಂಗತಿಯನ್ನು ನೆನೆಯಬೇಕು: ಉಡುಪಿಯ ಬಳಿಯ ಬೆಳ್ಳೆಯಲ್ಲಿ ಹುಟ್ಟಿ ಸ್ವಾತಂತ್ರ್ಯಸಮರದಲ್ಲಿ ಸೆರೆಮನೆ ಕಂಡ ಕಥೊಲಿಕ ಜೋಕಿಂ ಆಳ್ವರನ್ನು 1952ರ ಪ್ರಥಮ ಮಹಾಚುನಾವಣೆಯಲ್ಲಿ ಲೋಕಸಭೆಗೆ ಕಳುಹಿಸಿದುದು ಇದೇ ಉತ್ತರ ಕನ್ನಡದ ಕ್ಷೇತ್ರ. 1950ರ ಜುಲೈಯಲ್ಲಿ ಪೋರ್ಚುಗಲ್ಲು ಭಾರತದ ನೆಲದ ಬಿಷಪರನ್ನು ಹೆಸರಿಸುವ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತವು ಸ್ಥಾಪಿತವಾಗಿ ಉತ್ತರ ಕನ್ನಡವು ಅದಕ್ಕೆ ಸೇರಿತು. 1976ರಲ್ಲಿ ಕಾರವಾರವೇ ಪೀಠವಾಯಿತು.

ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಗೆ, ಅರಸನ ಪಕ್ಷದ ಆ ಹಳೆಯ ಭದ್ರಸ್ಥಾನಕ್ಕೆ, 2012ರಲ್ಲಿ ಹೊಸ ಗೌರವ ಬಂದಿತು. ಮಂಗಳೂರು ಧರ್ಮಪ್ರಾಂತವನ್ನು ವಿಭಾಗಿಸಿ ಉಡುಪಿ ಧರ್ಮಪ್ರಾಂತವನ್ನು ರಚಿಸಿದಾಗ, ರೋಮಿನಿಂದ ನೇಮಕಗೊಂಡ ಬಿಷಪರ ಪ್ರಧಾನಾಲಯವಾಗಿ ಆರಿಸಲ್ಪಟ್ಟುದು ಆ ಇಗರ್ಜಿಯೇ. ಸಂತೆಕಟ್ಟೆಯ ಮೌಂಟ್ ರೋಸರಿಯು ಇಂದು ಅದೇ ಪೀಠಕ್ಕೆ ಸೇರಿದ ಧರ್ಮಕೇಂದ್ರಗಳಲ್ಲಿ ಒಂದು.